ಪಿಕಪ್‌ನಲ್ಲಿ ಗೇರ್ ಬೀಳುತ್ತಿಲ್ಲವೇ? ಗೇರ್ ಬಾಕ್ಸ್ ಇಳಿಸುವ ಮೊದಲು ಇಷ್ಟು ನೋಡಿ

ಮಂಡ್ಯ, ಮದ್ದೂರು, ಪಾಂಡವಪುರ ಕಡೆ ಪಿಕಪ್ ಇಟ್ಟುಕೊಂಡವರಿಂದ ಎರಡು ದೂರು ಜಾಸ್ತಿ ಕೇಳಿಬರುತ್ತವೆ. "ಗೇರ್ ಸರಿಯಾಗಿ ಬೀಳ್ತಿಲ್ಲ" ಅನ್ನುವುದು ಒಂದು. "ಕಂಪನಿಯವ್ರು ರೀಕಾಲ್ ಅಂತ ಕರೆಸಿ ಏನೋ ಬಿಚ್ಚಿದ್ರು, ಆವತ್ತಿಂದ ಗಾಡಿ ಮೊದಲಿನ ಥರ ಇಲ್ಲ" ಅನ್ನುವುದು ಇನ್ನೊಂದು. ರೀಕಾಲ್ ಅಂದರೆ ದೋಷ ಇರುವ ಪಾರ್ಟನ್ನು ಸರಿಮಾಡಲು ಕಂಪನಿಯೇ ಗಾಡಿ ವಾಪಸ್ ಕರೆಸುವುದು. ಸರ್ವಿಸ್ ಸೆಂಟರಿನ ಕೌಂಟರ್ ಮುಟ್ಟುವ ಹೊತ್ತಿಗೆ ಎರಡೂ ಕಲಸಿಹೋಗಿರುತ್ತವೆ. ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ಜಾಬ್ ಕಾರ್ಡಿನಲ್ಲಿ "ಗೇರ್ ಹಾರ್ಡ್" ಅಂತ ಎರಡೇ ಪದ ಬರೆದುಕೊಳ್ಳುತ್ತಾರೆ. ಅಷ್ಟರಿಂದ ಒಳಗೆ ಕೆಲಸ ಮಾಡುವ ಮೆಕ್ಯಾನಿಕ್‌ಗೆ ಏನು ಗೊತ್ತಾಗಬೇಕು? ಅವನು ತನಗೆ ತೋಚಿದ್ದು ಮಾಡುತ್ತಾನೆ. ಕ್ಲಚ್ ಪ್ಲೇಟ್ ಹಾಕುತ್ತಾನೆ, ಇಲ್ಲವೇ ಗೇರ್ ಬಾಕ್ಸ್ ಇಳಿಸುತ್ತಾನೆ. ಗಾಡಿ ನಿಂತಷ್ಟು ದಿನ ಬಾಡಿಗೆ ಹೋಯಿತು, ಕಂತು ಮಾತ್ರ ನಿಲ್ಲುವುದಿಲ್ಲ.

ನಮ್ಮದು ಎಳನೀರು, ಬೆಲ್ಲ, ತರಕಾರಿ ಬಾಡಿಗೆ ಓಡಿಸುವವರ ಸಹವಾಸ. ಇಲ್ಲಿ ಕಂಡದ್ದನ್ನು ಹೇಳುವುದಾದರೆ, "ಗೇರ್ ಪ್ರಾಬ್ಲಂ" ಅಂತ ಬರುವ ಗಾಡಿಗಳಲ್ಲಿ ಬಹುಪಾಲಿನ ತೊಂದರೆ ಗೇರ್ ಬಾಕ್ಸಿನ ಒಳಗೆ ಇರುವುದೇ ಇಲ್ಲ. ಕ್ಲಚ್ ಪೂರ್ತಿ ಬಿಡದೆ ಇರುವುದು, ಕೇಬಲ್ ಜಗ್ಗಿರುವುದು, ಬುಶ್ ಸವೆದಿರುವುದು, ತಪ್ಪು ಆಯಿಲ್ ಬಿದ್ದಿರುವುದು, ಇಷ್ಟರಲ್ಲೇ ಒಂದು ಸಿಗುತ್ತದೆ. ಹಾಗಾಗಿ ಬಿಚ್ಚುವ ಮೊದಲು ತೊಂದರೆ ಎಲ್ಲಿದೆ ಅಂತ ಬೇರ್ಪಡಿಸಬೇಕು. ಅದಕ್ಕೆ ಬೇಕಾದ ಪರೀಕ್ಷೆಗಳಿಗೆ ಪಾನಾ ಕೂಡ ಬೇಡ. ಮಟ್ಟಸ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡರೆ ಸಾಕು.

ಎಂಜಿನ್ ಆಫ್, ಎಂಜಿನ್ ಆನ್

ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್, ಎಲ್ಲ ಗೇರೂ ನಿಧಾನವಾಗಿ ಹಾಕಿ ನೋಡಿ. ಯಾವುದು ಸಲೀಸು, ಯಾವುದು ಬಿಗಿ ಅಂತ ಕೈಗೇ ಗೊತ್ತಾಗುತ್ತದೆ. ಹಲ್ಲಿಗೆ ಹಲ್ಲು ಎದುರಾಗಿ ನಿಂತು ಒಂದೆರಡು ಗೇರ್ ತಡೆದರೆ ಚಿಂತೆ ಬೇಡ. ಕ್ಲಚ್ ಬಿಟ್ಟು, ಗಾಡಿಯನ್ನು ಚೂರು ಅಲುಗಿಸಿ ಮತ್ತೆ ಹಾಕಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಬಿಟ್ಟು, ಅದೇ ಕೆಲಸ ಮತ್ತೆ ಮಾಡಿ.

ಆಫ್ ಇದ್ದಾಗ ಬೆಣ್ಣೆಯ ಹಾಗೆ ಬೀಳುವ ಗೇರ್ ಆನ್ ಆದ ಮೇಲೆ ಬೀಳದಿದ್ದರೆ, ಅದು ಕ್ಲಚ್ಚಿನ ತೊಂದರೆ. ಎಂಜಿನ್ ತಿರುಗುವುದು ಇನ್ನೂ ಗೇರ್ ಬಾಕ್ಸಿಗೆ ತಲುಪುತ್ತಿದೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಎಂಜಿನ್ ಆಫ್ ಇದ್ದಾಗಲೂ ಆನ್ ಇದ್ದಾಗಲೂ ಒಂದೇ ರೀತಿ ಬಿಗಿ ಇದ್ದರೆ ಲಿವರ್, ಕೇಬಲ್, ಬುಶ್ ಕಡೆ ನೋಡಿ. ಬೆಳಿಗ್ಗೆ ಬಿಗಿ, ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಸಲೀಸು ಅಂದರೆ ಆಯಿಲ್ ಮೇಲೆ ಅನುಮಾನ ಪಡಿ. ಎಲ್ಲ ಗೇರೂ ಸರಿ ಇದ್ದು ಒಂದೇ ಗೇರ್ ಮಾತ್ರ ಹಾಕುವಾಗ ಕರಕರ ಅಂದರೆ ಆಗ ಗೇರ್ ಬಾಕ್ಸಿನ ಒಳಗಿನ ಮಾತು.

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಇಷ್ಟ. ಐಡಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ. ಮನಸ್ಸಿನಲ್ಲೇ ಐದು ಎಣಿಸಿ. ಆಮೇಲೆ ರಿವರ್ಸ್ ಹಾಕಿ. ತುಂಬಾ ಗಾಡಿಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೋ, ಅಂದರೆ ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ರಿಂಗ್, ಇರುವುದಿಲ್ಲ. ಹಾಗಾಗಿ ಒಳಗಿನ ಶಾಫ್ಟ್ ಸ್ವಲ್ಪ ತಿರುಗುತ್ತಿದ್ದರೂ ಅದು ಕರ್‍ ಅಂತ ಕೂಗಿ ಹೇಳುತ್ತದೆ. ಕ್ಲಚ್ ಒತ್ತಿದ ಕೂಡಲೇ ಹಾಕಿದರೆ ಸದ್ದು ಬರುವುದು ಸಹಜ, ಶಾಫ್ಟ್ ನಿಲ್ಲಲು ಟೈಮ್ ಬೇಕು. ಐದು ಎಣಿಸಿದ ಮೇಲೂ ಬಂದರೆ ಕ್ಲಚ್ ಬಿಡುತ್ತಿಲ್ಲ. ಇದರ ಮುಂದೆ ಬೇರೆ ಸಾಕ್ಷಿ ಬೇಕಿಲ್ಲ.

ಕ್ಲಚ್ ಬಿಡುತ್ತಿಲ್ಲ ಅಂದರೆ

ಎಲ್ಲಕ್ಕಿಂತ ಮೊದಲು ಬಗ್ಗಿ ಪೆಡಲ್ ಕೆಳಗೆ ನೋಡಿ. ನಗಬೇಡಿ. ಕಂಪನಿಯ ಮ್ಯಾಟ್ ಮೇಲೊಂದು ರಬ್ಬರ್ ಮ್ಯಾಟ್, ಅದರ ಮೇಲೆ ಕೆಸರಿಗೆ ಅಂತ ಒಂದು ಗೋಣಿಚೀಲ. ನಮ್ಮ ಕಡೆ ಪಿಕಪ್ಪುಗಳ ಕ್ಯಾಬಿನ್ ಹೀಗೇ ಇರುತ್ತದೆ. ಚೀಲ ಮಡಚಿಕೊಂಡು ಪೆಡಲ್ ಹಿಂದೆ ಸೇರಿದರೆ ಪೆಡಲ್ ಕೊನೆಯವರೆಗೆ ಹೋಗುವುದಿಲ್ಲ. ಆ ಒಂದಿಂಚು ಸಾಕು ರಿವರ್ಸ್ ಕರಕರ ಅನ್ನಲು. ಎಲ್ಲವನ್ನೂ ಎತ್ತಿ ಹೊರಗೆ ಹಾಕಿ ಮತ್ತೆ ಪರೀಕ್ಷೆ ಮಾಡಿ.

ಆಮೇಲೆ ನಿಮ್ಮ ಗಾಡಿಯ ಕ್ಲಚ್ ಕೇಬಲ್ಲಿನದೋ ಆಯಿಲ್ಲಿನದೋ ತಿಳಿದುಕೊಳ್ಳಿ. ಸಣ್ಣ ಗಾಡಿಗಳಲ್ಲಿ ಕೇಬಲ್ ಜಾಸ್ತಿ. ಕೇಬಲ್ ಜಗ್ಗಿದರೆ ಪೆಡಲ್ ಆಟ (ಕ್ಲಚ್ ಕೆಲಸ ಶುರುಮಾಡುವ ಮೊದಲು ಪೆಡಲ್ ಸುಮ್ನೆ ಒಳಹೋಗುವ ಅಂತರ) ಹೆಚ್ಚಾಗುತ್ತದೆ, ಕ್ಲಚ್ ತೀರಾ ಕೆಳಗೆ ಹಿಡಿಯುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಆಟ ಇರಬೇಕು ಅಂತ ಇರುತ್ತದೆ, ಅಷ್ಟಕ್ಕೆ ಕೂರಿಸಬೇಕು. ತೀರಾ ಬಿಗಿ ಮಾಡಿದರೆ ಗೇರ್ ಸಲೀಸಾಗಿ ಬೀಳುತ್ತದೆ ನಿಜ, ಆದರೆ ಕ್ಲಚ್ ಸ್ಲಿಪ್ ಆಗಿ ಪ್ಲೇಟ್ ಸುಡುತ್ತದೆ. ಕೇಬಲ್ ಒಳಗೆ ಎಳೆ ಕಿತ್ತಿದ್ದರೆ ಪೆಡಲ್ ಒತ್ತುವಾಗ ಗರಗರ ಅಂತ ಕಾಲಿಗೇ ತಿಳಿಯುತ್ತದೆ. ಅಂಥದ್ದಕ್ಕೆ ಗ್ರೀಸ್ ಹಾಕಿ ತಳ್ಳುವುದು ಬೇಡ. ಬದಲಿಸಿ.

ಆಯಿಲ್ ಕ್ಲಚ್ ಆದರೆ ಡಬ್ಬಿಯ ಮಟ್ಟ ನೋಡಿ. ಹಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ಪೈಪ್ ಮೇಲ್ಭಾಗದಲ್ಲಿ ಇರುತ್ತದೆ. ಮಟ್ಟ ಇಳಿದರೆ ಮೊದಲು ಕ್ಲಚ್ ಕೈಕೊಡಲಿ, ಬ್ರೇಕ್ ಉಳಿಯಲಿ ಅಂತ ಹಾಗೆ ಇಟ್ಟಿರುವುದು. ಅಂದರೆ ಗೇರ್ ಬೀಳುತ್ತಿಲ್ಲ ಅನ್ನುವುದು ಬ್ರೇಕ್ ಆಯಿಲ್ ಸೋರುತ್ತಿದೆ ಅನ್ನುವ ಮುನ್ಸೂಚನೆಯೂ ಆಗಿರಬಹುದು. ಸುಮ್ನೆ ಟಾಪ್ ಅಪ್ ಮಾಡಿ ಲೋಡ್‌ಗೆ ಹೊರಡಬೇಡಿ, ಎಲ್ಲಿ ಹೋಯಿತು ಅಂತ ಹುಡುಕಿ.

ಹುಡುಕುವುದು ಕಷ್ಟವೂ ಅಲ್ಲ. ಮೈಸೂರಿನ ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿನಲ್ಲಿ ಮೇಸ್ತ್ರಿಯೊಬ್ಬರು ಮಾಡಿದ್ದನ್ನು ನೋಡಿದ್ದೇನೆ. ಗಾಡಿ ಗೇರ್ ಬಾಕ್ಸ್ ಕೆಲಸಕ್ಕೆ ಅಂತಲೇ ಬಂದಿತ್ತು. ಅವರು ಕೆಳಗೆ ನುಸುಳಿ, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಪಕ್ಕದ, ಕ್ಲಚ್ ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರಿನ ತುದಿಗಿರುವ ರಬ್ಬರ್ ಟೋಪಿಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಸರಿಸಿದರು. ಒಳಗಿಂದ ಕಪ್ಪನೆ ನೀರಿನಂಥದ್ದು ಮಣಿಕಟ್ಟಿನವರೆಗೂ ಇಳಿಯಿತು. "ನೋಡಣ್ಣ, ಇಲ್ಲೈತೆ ನಿನ್ ಗೇರ್ ಬಾಕ್ಸು" ಅಂದರು. ಸೀಲ್ ಹೋಗಿ ಆಯಿಲ್ ಟೋಪಿಯೊಳಗೆ ತುಂಬಿಕೊಂಡಿತ್ತು, ಹೊರಗೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಸಿಲಿಂಡರ್ ಬದಲಿಸಿ, ಗಾಳಿ ತೆಗೆದು ಕಳಿಸಿದರು.

ಗಾಳಿ ಸೇರಿದೆಯೇ ಅಂತ ನೋಡಲು ಪೆಡಲನ್ನು ನಾಲ್ಕಾರು ಸಲ ಪಟಪಟ ಒತ್ತಿ ತಕ್ಷಣ ಗೇರ್ ಹಾಕಿ. ಹಾಗೆ ಮಾಡಿದಾಗ ಮಾತ್ರ ಸಲೀಸಾಗಿ ಬಿದ್ದರೆ ಗಾಳಿ ಇದೆ ಅಥವಾ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿದೆ. ಡಬ್ಬಿಗೆ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಮಾತ್ರ ಹಾಕಿ. ಅವಸರಕ್ಕೆ ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಬ್ರೇಕೂ ಹೋಗುತ್ತದೆ.

ಆಷಾಢದಲ್ಲಿ ಬಾಡಿಗೆ ಕಮ್ಮಿಯಾಗಿ ಗಾಡಿ ಮಳೆಯಲ್ಲಿ ಸುಮ್ನೆ ನಿಂತಿದ್ದರೆ, ಅಥವಾ ನಾಲೆ ಏರಿಯ ಕೆಸರಿನಲ್ಲಿ ಓಡಾಡಿ ಬಂದಿದ್ದರೆ, ಇನ್ನೊಂದು ಸಾಧ್ಯತೆ ಇದೆ. ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಕಚ್ಚಿಕೊಂಡಿರುತ್ತದೆ. ಕ್ಲಚ್ ಫೋರ್ಕ್ ಹೊರಬರುವ ಕಡೆಯ ರಬ್ಬರ್ ಹರಿದಿದ್ದರೆ ಕೆಸರು ನೇರ ಒಳಗೇ ಹೋಗುತ್ತದೆ. ಅದು ಸಣ್ಣ ರಬ್ಬರ್. ಅದನ್ನು ಹಾಕಿಸದೆ ಬರೀ ಪ್ಲೇಟ್ ಹಾಕಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ.

ಕ್ಲಚ್ ಬಿಡದಿರುವುದು ಬೇರೆ, ಸ್ಲಿಪ್ ಆಗುವುದು ಬೇರೆ. ಏರಿನಲ್ಲಿ ರೇಸ್ ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಅಂದರೆ ಸ್ಲಿಪ್. ಖಾತ್ರಿ ಮಾಡಿಕೊಳ್ಳಲು ಹ್ಯಾಂಡ್ ಬ್ರೇಕ್ ಎಳೆದು, ಫುಟ್ ಬ್ರೇಕೂ ಒತ್ತಿ, ನಾಲ್ಕನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಡಿ. ಎಂಜಿನ್ ಕೂಡಲೇ ಬಂದ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಇದನ್ನು ಒಂದೇ ಸಲ ಮಾಡಿ. ಪದೇ ಪದೇ ಮಾಡಿದರೆ ಉಳಿದ ಪ್ಲೇಟನ್ನೂ ನೀವೇ ಸುಟ್ಟ ಹಾಗೆ.

ಲಿವರ್, ಕೇಬಲ್, ಬುಶ್

ಲಿವರ್ ನೇರವಾಗಿ ಗೇರ್ ಬಾಕ್ಸಿನ ಮೇಲೇ ಕೂತಿರುವ ಗಾಡಿಗಳಲ್ಲಿ ನೋಡುವುದು ಕಮ್ಮಿ. ಬುಡದ ಪ್ಲಾಸ್ಟಿಕ್ ಬುಶ್ ಸವೆದಿದ್ದರೆ ಗೇರ್ ಬಿದ್ದ ಮೇಲೂ ಲಿವರ್ ಅಂಗೈ ಅಗಲ ಓಲಾಡುತ್ತದೆ. ಕೇಬಲ್ ಮೂಲಕ ಹೋಗುವ ಗಾಡಿಗಳಲ್ಲಿ ಎರಡು ಕೇಬಲ್. ಒಂದು ಲಿವರನ್ನು ಅಡ್ಡಕ್ಕೆ ಸರಿಸಿದಾಗ ಕೆಲಸ ಮಾಡುತ್ತದೆ, ಇನ್ನೊಂದು ಮುಂದೆ ಹಿಂದೆ ಹಾಕಿದಾಗ.

ಇಲ್ಲಿ ಯಾವ ಗೇರ್ ಕಷ್ಟ ಅನ್ನುವುದೇ ಉತ್ತರ. ಒಂದು, ಮೂರು, ಐದು ಮೂರೂ ಅರ್ಧಕ್ಕೆ ನಿಲ್ಲುತ್ತವೆ, ಎರಡು ಮತ್ತು ನಾಲ್ಕು ಚೆನ್ನಾಗಿ ಬೀಳುತ್ತವೆ ಅಂದುಕೊಳ್ಳಿ. ಮುಂದಕ್ಕೆ ಹಾಕುವ ಗೇರುಗಳೆಲ್ಲ ಕಷ್ಟ ಅಂದರೆ ಆ ಕೇಬಲ್ಲಿನ ಅಳತೆ ತಪ್ಪಿದೆ. ಒಂದು ಮತ್ತು ಎರಡು ಸಿಗುವುದೇ ಕಷ್ಟ, ಉಳಿದದ್ದು ಸರಿ ಅಂದರೆ ಅಡ್ಡ ಸರಿಸುವ ಕೇಬಲ್. ಗೇರ್ ಬಾಕ್ಸಿನ ಒಳಗಿನ ಬೇರೆ ಬೇರೆ ಗೇರುಗಳು ಹೀಗೆ ಸಾಲಾಗಿ, ಒಂದೇ ದಿಕ್ಕಿನವು ಮಾತ್ರ, ಒಟ್ಟಿಗೆ ಕೆಡುವುದಿಲ್ಲ ಅಲ್ವಾ? ಯಾರಾದರೂ ಮೂರು ಗೇರಿನ ಸಿಂಕ್ರೋ ಒಟ್ಟಿಗೆ ಹೋಗಿದೆ ಅಂತ ಎಸ್ಟಿಮೇಟ್ ಕೊಟ್ಟರೆ ಈ ಪ್ರಶ್ನೆ ಕೇಳಿ.

ಕೇಬಲ್ ತುದಿಯ ಬಟ್ಟಲು ಅಥವಾ ಕ್ಲಿಪ್ ಸರಿಯಾಗಿ ಕೂತಿದೆಯೇ ಅಂತ ಕಣ್ಣಲ್ಲಿ ನೋಡಿ, ಕೈಯಲ್ಲಿ ಅಲುಗಿಸಿ. ಬೇರೆ ಯಾವುದೋ ಕೆಲಸಕ್ಕೆ ಕೇಬಲ್ ಬಿಚ್ಚಿ ಮತ್ತೆ ಹಾಕಿದ್ದರೆ ಈ ಕ್ಲಿಪ್ ಅರ್ಧಕ್ಕೆ ಕೂತಿರುವುದು ಮಾಮೂಲು.

ಆಯಿಲ್

ಗೇರ್ ಬಾಕ್ಸಿನ ಪಕ್ಕದಲ್ಲಿ ಆಯಿಲ್ ಹಾಕುವ ಪ್ಲಗ್ ಇರುತ್ತದೆ. ಗಾಡಿ ಮಟ್ಟಸ ನಿಂತಿರುವಾಗ, ಎಂಜಿನ್ ತಣ್ಣಗಾದ ಮೇಲೆ, ಅದನ್ನು ಬಿಚ್ಚಿ ಕಿರುಬೆರಳನ್ನು ತೂತಿನೊಳಗೆ ಬಗ್ಗಿಸಿ. ಆಯಿಲ್ ತೂತಿನ ಕೆಳಗಿನ ಅಂಚಿಗೆ ಸಮ ಇರಬೇಕು. ಬೆರಳಿಗೆ ಸಿಗದಿದ್ದರೆ ಕಮ್ಮಿ ಇದೆ. ಸೀಲ್ ಸೋರುತ್ತಿದ್ದರೆ ಸೀಲಿಗೆ ಮೊದಲು ಬ್ರೀದರ್ ನೋಡಿ. ಗೇರ್ ಬಾಕ್ಸ್ ಮೇಲಿನ ಆ ಸಣ್ಣ ಮೂಗು ಕೆಸರಿನಿಂದ ಮುಚ್ಚಿದರೆ, ಒಳಗಿನ ಬಿಸಿ ಗಾಳಿ ಆಯಿಲನ್ನು ಸೀಲಿನಿಂದ ಹೊರಗೆ ತಳ್ಳುತ್ತದೆ.

ಮಟ್ಟ ಸರಿ ಇದ್ದರೂ ಗ್ರೇಡ್ ತಪ್ಪಿರಬಹುದು. ಹಿಂದಿನ ಆಕ್ಸಲ್ ಹೌಸಿಂಗಿಗೆ ಹಾಕುವ ದಪ್ಪ ಆಯಿಲ್ ಉಳಿದಿದೆ ಅಂತ ಗೇರ್ ಬಾಕ್ಸಿಗೂ ಸುರಿಯುವ ಅಭ್ಯಾಸ ನಮ್ಮ ಕಡೆ ಇದೆ. ಪುಸ್ತಕದಲ್ಲಿ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90 ಅಂತ ಇರುವಾಗ 140 ಹಾಕಿದರೆ ಧನುರ್ಮಾಸದ ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಕಲ್ಲಾಗುತ್ತದೆ. ಇನ್ನೊಂದು ವಿಚಾರ ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5. ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ರಾಸಾಯನಿಕ ಜಾಸ್ತಿ. ಹೌಸಿಂಗಿನ ಕ್ರೌನ್ ಪಿನಿಯನ್‌ಗೆ ಅದು ಬೇಕು. ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಅದು ಆಗಿಬರದೆ ಇರಬಹುದು. ಪುಸ್ತಕ ಜಿಎಲ್-4 ಅಂದರೆ ಜಿಎಲ್-4 ಹಾಕಿ. ಅಂಗಡಿಯವರು "ಐದು ಇನ್ನೂ ಒಳ್ಳೇದು ಸಾರ್" ಅಂದರೂ ಕೇಳಬೇಡಿ.

ಆಯಿಲ್ ಇಳಿಸುವಾಗ ಎದುರಿಗೆ ನಿಂತು ಡ್ರೈನ್ ಪ್ಲಗ್ ಕೈಗೆ ತೆಗೆದುಕೊಳ್ಳಿ. ಅದರ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿರುತ್ತದೆ. ಅದು ಮಾಮೂಲು. ಉಗುರಿಗೆ ಸಿಗುವಂಥ ಕಬ್ಬಿಣದ ಚೂರು ಇದ್ದರೆ ಹಲ್ಲು ಮುರಿದಿದೆ. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಹಾಗಾಗಿ ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಚಿನ್ನದ ಪುಡಿಯಂಥ ಮಿಣುಕು ತುಂಬಾ ಕಂಡರೆ ಸಿಂಕ್ರೋ ಸವೆಯುತ್ತಿದೆ. ಇದರ ಫೋಟೋ ತೆಗೆದಿಡಿ.

ಗೇರ್ ಹಾರುವುದು, ಒಂದೇ ಗೇರ್ ಕೂಗುವುದು

ಮೇಲುಕೋಟೆಯಿಂದ ಇಳಿಯುವಾಗ ಮೂರನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂತು ಅಂದರೆ ಅದನ್ನು ನಾಳೆಗೆ ಬಿಡಬೇಡಿ. ಇಳಿಜಾರಿನಲ್ಲಿ ಲೋಡ್ ಗಾಡಿಯನ್ನು ಎಂಜಿನ್ ಹಿಡಿದಿರುತ್ತದೆ. ಅದು ಬಿಟ್ಟರೆ ಬರೀ ಬ್ರೇಕ್ ಮೇಲೆ ಇಳಿಯಬೇಕು. ಗೇರ್ ಹಾರುವುದಕ್ಕೆ ಕಾರಣ ಒಳಗೂ ಇರಬಹುದು, ಹೊರಗೂ ಇರಬಹುದು. ರೇಸ್ ಕೊಟ್ಟಾಗ, ಬಿಟ್ಟಾಗ ಲಿವರ್ ಮುಂದೆ ಹಿಂದೆ ಕುಣಿಯುತ್ತಿದ್ದರೆ ಮೊದಲು ಎಂಜಿನ್ ಮತ್ತು ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್ ನೋಡಿಸಿ. ಹರಿದ ಮೌಂಟಿಂಗ್ ಇಡೀ ಗೇರ್ ಬಾಕ್ಸನ್ನೇ ಜರುಗಿಸಿ, ಕೇಬಲ್ ಎಳೆದು, ಗೇರ್ ಕೀಳುತ್ತದೆ. ಲಿವರ್ ಅಲುಗದೆ ಪಟಕ್ಕನೆ ಹಾರಿದರೆ ಒಳಗಿನ ಸ್ಪ್ರಿಂಗು, ಗುಂಡು, ಫೋರ್ಕು, ಗೇರಿನ ಕಚ್ಚು ಹಲ್ಲು, ಇವುಗಳಲ್ಲಿ ಒಂದು ಸವೆದಿದೆ. ಆಗ ಗೇರ್ ಬಾಕ್ಸ್ ಇಳಿಸಲೇಬೇಕು. ಓಡಿಸುವಾಗೆಲ್ಲ ಎಡಗೈಯನ್ನು ಲಿವರ್ ಮೇಲೆ ಇಟ್ಟೇ ಇರುವ ಡ್ರೈವರ್ ಇದ್ದರೆ ಫೋರ್ಕ್ ಬೇಗ ಸವೆಯುತ್ತದೆ. ಮೊಬೈಲ್ ನೋಡುವುದಕ್ಕಿಂತ ವಾಸಿ ಅನ್ನಬಹುದು, ಆದರೂ ಕೈ ತೆಗೆಯಲು ಹೇಳಿ.

ಬಿಸಿಯಾದ ಮೇಲೂ ಒಂದೇ ಗೇರ್, ಸಾಮಾನ್ಯವಾಗಿ ಎರಡು ಅಥವಾ ಮೂರು, ಹಾಕುವಾಗ ಕೂಗುತ್ತದೆ, ನಿಧಾನ ಹಾಕಿದರೆ ಕೂಗುವುದಿಲ್ಲ ಅಂದರೆ ಸಿಂಕ್ರೋ ರಿಂಗ್. ಇದು ಒಂದೇ ದಿನಕ್ಕೆ ಗಾಡಿ ನಿಲ್ಲಿಸುವ ಕಾಯಿಲೆ ಅಲ್ಲ. ಸೀಸನ್ ಮುಗಿಸಿ ಮಾಡಿಸಬಹುದು.

ಸದ್ದಿನ ವಿಚಾರ ಚಿಕ್ಕದು. ನ್ಯೂಟ್ರಲ್‌ನಲ್ಲಿ ಬರುವ ಸದ್ದು ಕ್ಲಚ್ ಒತ್ತಿದರೆ ನಿಲ್ಲುತ್ತದೆ ಅಂದರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್. ಕ್ಲಚ್ ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಗಾಡಿ ಎಳೆದುಕೊಳ್ಳುವಾಗ ಕೆಳಗೆ "ಠಣ್" ಅಂದರೆ ಅದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಅದಕ್ಕೆ ಗೇರ್ ಬಾಕ್ಸನ್ನು ಬೈಯಬೇಡಿ.

ಆಟೋಮ್ಯಾಟಿಕ್ ಪಿಕಪ್ಪುಗಳು ಮೈಸೂರು ಕಡೆ ತೋಟದ ಮಾಲೀಕರ ಹತ್ತಿರ ಒಂದೊಂದು ಕಾಣುತ್ತವೆ. ಅವುಗಳಿಗೆ ಮೇಲಿನ ಪರೀಕ್ಷೆ ಬರುವುದಿಲ್ಲ. ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಬೇಕು. ಪಿ0700 ಬಂದರೆ ಗೇರ್ ಬಾಕ್ಸಿನ ಕಂಪ್ಯೂಟರ್ ಏನೋ ದೂರು ಹೇಳುತ್ತಿದೆ ಅಂತಷ್ಟೇ, ಜೊತೆಗೆ ಬೇರೆ ಕೋಡ್ ಇರುತ್ತದೆ. ಪಿ0720 ಅಂದರೆ ಹೊರ ಶಾಫ್ಟಿನ ಸ್ಪೀಡ್ ಸೆನ್ಸರ್ ಸರ್ಕ್ಯೂಟ್. ಅಮೆರಿಕದಲ್ಲಿ ಫೋರ್ಡ್ ಎಫ್-150 ಪಿಕಪ್ ಓಡುತ್ತಿರುವಾಗಲೇ ದಿಢೀರನೆ ಒಂದನೇ ಗೇರಿಗೆ ಇಳಿಯುತ್ತಿತ್ತು. 2024ರ ಜೂನ್‌ನಲ್ಲಿ 2014ರ ಮಾಡೆಲ್ಲಿನ ಸುಮಾರು 5.5 ಲಕ್ಷ ಗಾಡಿಗಳನ್ನು ಇದಕ್ಕಾಗಿ ಕರೆಸಿದರು. ಹಲ್ಲು ಮುರಿದದ್ದಲ್ಲ, ಸ್ಪೀಡ್ ಸೆನ್ಸರಿನ ಸಿಗ್ನಲ್ ಆಗಾಗ ಕಡಿದುಹೋಗುತ್ತಿತ್ತು. ಪರಿಹಾರ ಸಾಫ್ಟ್‌ವೇರ್ ಬದಲಿಸುವುದು. ಕೋಡ್ ಓದದೆ ಬಿಚ್ಚಿದ್ದರೆ ಏನು ಸಿಗುತ್ತಿತ್ತು ಹೇಳಿ.

ರೀಕಾಲ್: ಯಾವ ಪಾರ್ಟು, ಯಾವ ತಿಂಗಳ ಗಾಡಿ

ರೀಕಾಲ್ ಅಂದ ಕೂಡಲೇ ಗಾಡಿಯ ಎಲ್ಲ ಕಾಯಿಲೆಗೂ ಫ್ರೀ ಔಷಧಿ ಅಂತ ನಮ್ಮವರು ತಿಳಿಯುತ್ತಾರೆ. ಹಾಗಲ್ಲ. ಒಂದು ಪಾರ್ಟು, ಒಂದು ಅವಧಿಯಲ್ಲಿ ತಯಾರಾದ ಗಾಡಿಗಳು, ಅಷ್ಟೇ. 2021ರಲ್ಲಿ ಮಹೀಂದ್ರಾ 29,878 ಪಿಕಪ್ಪುಗಳನ್ನು ಕರೆಸಿತು. 2020ರ ಜನವರಿಯಿಂದ 2021ರ ಫೆಬ್ರವರಿವರೆಗೆ ತಯಾರಾದವು. ಕೆಲಸ ಫ್ಲೂಯಿಡ್ ಪೈಪಿನ ಜೋಡಣೆ ನೋಡಿ ಬದಲಿಸುವುದು. 2022ರಲ್ಲಿ ಮಾರುತಿ 5,002 ಸೂಪರ್ ಕ್ಯಾರಿ ಕರೆಸಿದ್ದು ಪಕ್ಕದ ಸೀಟಿನ ಬೆಲ್ಟಿನ ಬ್ರಾಕೆಟ್ ಬೋಲ್ಟಿಗೆ. ಎರಡರಲ್ಲೂ ಗೇರಿನ ಮಾತೇ ಇಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಮಹೀಂದ್ರಾ ಸ್ಕಾರ್ಪಿಯೋ-ಎನ್ ಮತ್ತು ಎಕ್ಸ್‌ಯುವಿ700 ಸೇರಿ ಸುಮಾರು 19,000 ಮ್ಯಾನುಯಲ್ ಗಾಡಿಗಳನ್ನು ಕರೆಸಿದ್ದು ಮಾತ್ರ ಬೆಲ್ ಹೌಸಿಂಗ್ ಒಳಗಿನ ರಬ್ಬರ್ ಬೆಲ್ಲೋಗಾಗಿ. ಅದು ಕ್ಲಚ್ಚಿಗೆ ಸಂಬಂಧಪಟ್ಟದ್ದು, ಆದರೆ ಪಿಕಪ್ ಅಲ್ಲ.

ಹಾಗಾಗಿ ಫೋನ್ ಬಂದಾಗ ಕೇಳಬೇಕಾದದ್ದು ಎರಡು. ಯಾವ ಪಾರ್ಟು? ನನ್ನ ಚಾಸಿ ನಂಬರ್ ಪಟ್ಟಿಯಲ್ಲಿ ಇದೆಯಾ? ಚಾಸಿ ನಂಬರಿನ 17 ಅಕ್ಷರವನ್ನೂ ಆರ್‌ಸಿ ನೋಡಿ ಓದಿ ಹೇಳಿ. ಲೆಕ್ಕಕ್ಕೆ ಬರುವುದು ಗಾಡಿ ತಯಾರಾದ ತಿಂಗಳು, ನೀವು ಪೂಜೆ ಮಾಡಿಸಿ ತಂದ ತಿಂಗಳಲ್ಲ. ಯುಗಾದಿಗೆ ತಂದ ಗಾಡಿ ಹಿಂದಿನ ವರ್ಷದ ದೀಪಾವಳಿಗೇ ತಯಾರಾಗಿ ಯಾರ್ಡಿನಲ್ಲಿ ನಿಂತಿರಬಹುದು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಎರಡೂ ಇರುತ್ತವೆ.

ಸೆಕೆಂಡ್ ಹ್ಯಾಂಡ್ ಗಾಡಿ ಆದರೆ ಫೋನೇ ಬರುವುದಿಲ್ಲ. ಕಂಪನಿಯ ಹತ್ತಿರ ಇರುವುದು ಮೊದಲ ಮಾಲೀಕನ ನಂಬರು. ಅವನು ಗಾಡಿ ಮಾರಿ ಎಷ್ಟೋ ಕಾಲವಾಗಿರುತ್ತದೆ, "ನಂದಲ್ಲ" ಅಂತ ಇಟ್ಟುಬಿಡುತ್ತಾನೆ. ನೀವೇ ಹೋಗಿ ಚಾಸಿ ನಂಬರ್ ಕೊಟ್ಟು ಬಾಕಿ ರೀಕಾಲ್ ಇದೆಯೇ ಅಂತ ಕೇಳಿ, ನಿಮ್ಮ ಫೋನ್ ನಂಬರ್ ಸೇರಿಸಿ ಬನ್ನಿ. ಕೆಲವು ಕೆಲಸ ರೀಕಾಲ್ ಅನ್ನುವ ಹೆಸರಿಲ್ಲದೆ ಸರ್ವಿಸ್ ಜೊತೆಗೇ ಮಾಡಿ ಕಳಿಸುತ್ತಾರೆ. ಬಿಲ್ಲಿನಲ್ಲಿ ಸೊನ್ನೆ ರೂಪಾಯಿಯ ಸಾಲು ಕಂಡರೆ ಅದೇನು ಅಂತ ಕೇಳಿ.

ಇಲ್ಲಿ ಕಾನೂನೂ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅನ್ನುವ ಸೆಕ್ಷನ್ ಸೇರಿಸಿದರು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷ ದಾಟದ ಗಾಡಿಗಳಲ್ಲಿ ಸುರಕ್ಷತೆಗೆ ಧಕ್ಕೆ ತರುವ ದೋಷ ಇದ್ದು, ನಿಗದಿತ ಸಂಖ್ಯೆಯ ದೂರು ಬಂದರೆ ಸರ್ಕಾರವೇ ರೀಕಾಲ್ ಮಾಡಿಸಬಹುದು. ಆಗ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ದೂರು ಕೊಡಲು ಪರಿವಾಹನ್ ತಾಣದಲ್ಲಿ ಜಾಗ ಇದೆ. ಗೇರ್ ಬಿಗಿ ಅನ್ನುವ ದೂರು ಇದರಲ್ಲಿ ನಿಲ್ಲುವುದು ಕಷ್ಟ. ಇಳಿಜಾರಿನಲ್ಲಿ ಗೇರ್ ತಾನಾಗಿ ಹಾರುತ್ತದೆ ಅನ್ನುವುದು ಸುರಕ್ಷತೆಯ ದೂರು. ಅದನ್ನು ಬರೆಯಿರಿ.

ರೀಕಾಲ್ ಆದ ಮೇಲೆ ಗೇರ್ ಕೆಟ್ಟಿದೆ ಅನ್ನಿಸಿದರೆ

ಏನು ಬಿಚ್ಚಿದರು ಅನ್ನುವುದನ್ನು ಜಾಬ್ ಕಾರ್ಡ್ ನೋಡಿ ತಿಳಿಯಿರಿ. ಬೆಲ್ಟಿನ ಬೋಲ್ಟ್ ಬಿಗಿ ಮಾಡಿದ್ದಕ್ಕೆ ಗೇರ್ ಕೆಡುವುದಿಲ್ಲ, ಅದು ಕಾಕತಾಳೀಯ. ಆದರೆ ಆಯಿಲ್ ಪೈಪ್ ಮುಟ್ಟಿದ್ದರೆ ಗಾಳಿ ಸೇರಿರಬಹುದು. ಎಂಜಿನ್ ಅಥವಾ ಗೇರ್ ಬಾಕ್ಸ್ ಇಳಿಸಿದ್ದರೆ ಮೌಂಟಿಂಗ್, ಕೇಬಲ್ ಕ್ಲಿಪ್, ಆಯಿಲ್ ಮಟ್ಟ ಮೂರನ್ನೂ ನೋಡಬೇಕು. ಬಿಎಸ್6 ಗಾಡಿಯಲ್ಲಿ ಬ್ಯಾಟರಿ ಕಳಚಿದ್ದರೆ ಐಡಲ್ ಏರಿದೆಯೇ ನೋಡಿ. ಐಡಲ್ ಜಾಸ್ತಿ ಇದ್ದರೆ ಒಂದನೇ ಗೇರೂ ರಿವರ್ಸೂ ಒರಟಾಗಿ ಬೀಳುತ್ತವೆ.

ಪಾಂಡವಪುರದ ಕಡೆಯವರೊಬ್ಬರ ಗಾಡಿ ಕಂಪನಿ ಕೆಲಸ ಮುಗಿಸಿ ಬಂದ ದಿನದಿಂದಲೇ ಮುಂದಕ್ಕೆ ಹಾಕುವ ಗೇರುಗಳೆಲ್ಲ ಅರೆಬರೆ ಬೀಳುತ್ತಿದ್ದವು. ಅಲ್ಲಿ ಹೇಳಿದ್ದು, "ನಿಮ್ ಡ್ರೈವರ್ ಹಾಫ್ ಕ್ಲಚ್ ಜಾಸ್ತಿ ಹಾಕ್ತಾರೆ ಸಾರ್, ಕ್ಲಚ್ ಸೆಟ್ ಹಾಕ್ಬೇಕು." ಅವರು ಹಣ ಕಟ್ಟಲಿಲ್ಲ. ಎಂಜಿನ್ ಆಫ್ ಮಾಡಿ, ಗೇರ್ ಹಾಕಿ ತೋರಿಸಿದರು. "ಎಂಜಿನ್ನೇ ಓಡ್ತಿಲ್ಲ, ಈಗ ಕ್ಲಚ್‌ದು ಏನು ಕೆಲ್ಸ ಹೇಳಪ್ಪ" ಅಂದರು. ಅಡ್ವೈಸರ್ ಹತ್ತಿರ ಉತ್ತರ ಇರಲಿಲ್ಲ. ಕೆಳಗೆ ನೋಡಿದಾಗ ಕೇಬಲ್ ಬ್ರಾಕೆಟ್ಟಿನ ಕ್ಲಿಪ್ ಒಂದು ಕಡೆ ಮಾತ್ರ ಕೂತಿತ್ತು.

ಕೌಂಟರಿನಲ್ಲಿ ಜಗಳಕ್ಕಿಂತ ಇಂಥ ಒಂದು ಪರೀಕ್ಷೆ ಕೆಲಸ ಮಾಡುತ್ತದೆ. ಜಾಬ್ ಕಾರ್ಡಿನಲ್ಲಿ ಏನು ಬರೆಸಬೇಕು ಅನ್ನುವುದೂ ಅದರಿಂದಲೇ ಬರುತ್ತದೆ. "ಗೇರ್ ಹಾರ್ಡ್" ಬೇಡ. "ಎಂಜಿನ್ ಆಫ್ ಇದ್ದಾಗಲೂ 1, 3, 5 ಪೂರ್ತಿ ಬೀಳುವುದಿಲ್ಲ. 2, 4 ಸರಿ ಇದೆ. ಇಂಥ ತಾರೀಖಿನ ರೀಕಾಲ್ ಕೆಲಸದ ನಂತರ ಶುರು." ಹೀಗೆ ಬರೆಸಿ. ರೀಕಾಲ್ ಕೆಲಸಕ್ಕೆ ಒಂದು ಜಾಬ್ ಕಾರ್ಡ್, ಗೇರ್ ದೂರಿಗೆ ಇನ್ನೊಂದು ಕೇಳಿ. ಒಂದರಲ್ಲೇ ಸೇರಿಸಿದರೆ ಫ್ರೀ ಕೆಲಸ ಮುಗಿದ ಕೂಡಲೇ ಕಾರ್ಡ್ ಮುಚ್ಚುತ್ತಾರೆ, ನಿಮ್ಮ ದೂರು ಅದರ ಜೊತೆಗೇ ಮುಚ್ಚಿಹೋಗುತ್ತದೆ. ಓಡೋಮೀಟರ್ ಅಂಕಿ ಬರೆದಿದ್ದಾರೆಯೇ ನೋಡಿ, ಸಹಿ ಹಾಕುವ ಮೊದಲು ಫೋಟೋ ತೆಗೆಯಿರಿ. ಬದಲಿಸಿದ ಹಳೆ ಪಾರ್ಟು ತೋರಿಸಲು ಹೇಳಿ.

ಗಾಡಿ ವಾಪಸ್ ತರುವಾಗ ಖಾಲಿ ಗಾಡಿಯಲ್ಲಿ ರಿಂಗ್ ರೋಡ್ ಸುತ್ತಿಸಿ "ಸರಿ ಹೋಯ್ತು" ಅಂದರೆ ಒಪ್ಪಬೇಡಿ. ಲೋಡ್ ಬಿದ್ದಾಗ, ಬಿಸಿಯಾದಾಗ ಬರುವ ತೊಂದರೆ ಖಾಲಿ ಗಾಡಿಯಲ್ಲಿ ಕಾಣುವುದಿಲ್ಲ. ಮಿತಿಯೊಳಗಿನ ಲೋಡ್ ಹಾಕಿ, ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದು ಏರು ಹತ್ತಿಸಿ ಇಳಿಸಿ. ಮಿತಿಯೊಳಗೆ ಅಂದದ್ದಕ್ಕೆ ಕಾರಣ ಇದೆ. ಓವರ್‌ಲೋಡ್ ಅನ್ನುವುದು ವಾರಂಟಿ ನಿರಾಕರಿಸಲು ಅವರ ಕೈಗೆ ಸುಲಭಕ್ಕೆ ಸಿಗುವ ಕಾರಣ. ಮದ್ದೂರು ಮಾರುಕಟ್ಟೆಯಲ್ಲಿ ಬಾಡಿ ಮೇಲೆ ಇನ್ನೊಂದು ಬಾಡಿ ಎತ್ತರಕ್ಕೆ ಎಳನೀರು ಪೇರಿಸಿದ ಫೋಟೋ ನಿಮ್ಮ ಸ್ಟೇಟಸ್‌ನಲ್ಲಿ ಇದ್ದರೆ ಅದನ್ನು ಮೊದಲು ಅಳಿಸಿ ಅಂತ ನಾನು ಹೇಳುವುದಿಲ್ಲ. ಪೇರಿಸುವುದು ಕಮ್ಮಿ ಮಾಡಿ ಅನ್ನುತ್ತೇನೆ.

ಕೇಳದೇ ಹೋದರೆ

ಮೊದಲು ಕಂಪನಿಗೆ ಇ-ಮೇಲ್, ಜಾಬ್ ಕಾರ್ಡುಗಳ ಫೋಟೋ ಸಮೇತ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. "ಹಳದಿ ಬೋರ್ಡ್ ಗಾಡಿ, ವ್ಯಾಪಾರಕ್ಕೆ ತಗೊಂಡಿದ್ದು, ನೀವು ಗ್ರಾಹಕರಲ್ಲ" ಅಂತ ಹೆದರಿಸುವವರು ಇದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ವಿವರಣೆ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶ ಅನ್ನಿಸಿಕೊಳ್ಳುವುದಿಲ್ಲ. ನೀವೇ ಓಡಿಸುವ ಒಂದು ಗಾಡಿ ಆದರೆ ಈ ಮಾತು ನಿಮ್ಮ ಕಡೆ ಇದೆ. ಹತ್ತು ಗಾಡಿ ಬಿಟ್ಟಿರುವ ಟ್ರಾನ್ಸ್‌ಪೋರ್ಟ್ ಮಾಲೀಕರಿಗೆ ಅಷ್ಟು ಸಲೀಸಲ್ಲ.

ಷೋರೂಮ್ ಬೆಂಗಳೂರಿನದಾದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಂಡ್ಯದವರು ಮಂಡ್ಯದಲ್ಲಿ, ಮೈಸೂರಿನವರು ಮೈಸೂರಿನಲ್ಲಿ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 5 ಲಕ್ಷದವರೆಗಿನದಕ್ಕೆ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10ರಿಂದ 20 ಲಕ್ಷದವರೆಗೆ 400 ರೂಪಾಯಿ. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಆ ದಿನ ಯಾವುದು ಅಂತ ತೋರಿಸುವುದು ನಿಮ್ಮ ಮೊದಲ ಜಾಬ್ ಕಾರ್ಡ್. ಆ ಕಾಗದದ ಶಾಯಿ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಅಳಿಸಿಹೋಗುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ ಮನೆಯಲ್ಲಿಡಿ.